ಕಡಲು ನೋಡಲು ಕಾಲುದಾರಿ ಸಾಕು

ರಾಯಚೂರು ಜಿಲ್ಲೆಯ ಜವಳಗೇರಾದಿಂದ ಕಡಲು ದೂರ. ಸಿಂಧನೂರು, ಗಂಗಾವತಿ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ, ಯಲ್ಲಾಪುರದ ಕಾಡು ಹೊಕ್ಕು, ಅರಬೈಲು ಘಟ್ಟ ಇಳಿದು ಗೋಕರ್ಣ ಮುಟ್ಟುವ ಹೊತ್ತಿಗೆ 350 ಕಿಲೋಮೀಟರಿಗೂ ಹೆಚ್ಚು ದಾರಿ ಸವೆದಿರುತ್ತದೆ. ಆದರೂ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಜನ ಕಡಲಿಗೆ ಹೋಗುವುದನ್ನು ಬಿಟ್ಟಿಲ್ಲ. ಮುಂಗಾರಿನ ಭತ್ತ ಕೊಯ್ಲಾಗಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಡಿಸೆಂಬರ್, ಜನವರಿಯಲ್ಲಿ ಶಾಲೆಗಳ ಪ್ರವಾಸ ಹೊರಡುತ್ತದೆ. ಧರ್ಮಸ್ಥಳಕ್ಕೆ ಹರಕೆ ಒಪ್ಪಿಸಲು ಹೊರಟ ಕುಟುಂಬಗಳು ಮುರುಡೇಶ್ವರ, ಗೋಕರ್ಣಗಳನ್ನೂ ಅದೇ ಸುತ್ತಿನಲ್ಲಿ ಸೇರಿಸಿಕೊಳ್ಳುತ್ತವೆ. ಇಷ್ಟು ದೂರ ಹೋದವರಿಗೆ ಅಲ್ಲಿ ದಕ್ಕುವುದೇನು ಎಂದು ನೋಡಿದರೆ ಬೇಸರವಾಗುತ್ತದೆ. ಬಸ್ಸು ಮರಳಿನ ಅಂಚಿಗೆ ಹೋಗಿ ನಿಲ್ಲುತ್ತದೆ. ಇಳಿದ ಜನ ನೇರ ನೀರಿಗೆ ಇಳಿಯುತ್ತಾರೆ, ಒಂದೆರಡು ಗಂಟೆ ಅಲೆಗೆ ಮೈಯೊಡ್ಡಿ, ಫೋಟೊ ತೆಗೆಸಿಕೊಂಡು, ಒದ್ದೆ ಬಟ್ಟೆಯಲ್ಲೇ ಮತ್ತೆ ಬಸ್ಸು ಹತ್ತುತ್ತಾರೆ. ಕಡಲತೀರ ಎಂದರೆ ವಾಹನ ನಿಲ್ಲಿಸುವ ಜಾಗ ಮತ್ತು ಸ್ನಾನದ ಜಾಗ ಎಂಬಂತೆ ನಮ್ಮ ಪ್ರವಾಸೋದ್ಯಮ ರೂಪುಗೊಂಡಿದೆ. ಇದು ಬದಲಾಗಬೇಕು. ಕರ್ನಾಟಕದ ಕರಾವಳಿಯಲ್ಲಿ ಇನ್ನೂ ಜೀವ ಹಿಡಿದುಕೊಂಡಿರುವ ತೀರಗಳಿಗೆ ಹೊಸ ರಸ್ತೆ ಬೇಡ. ವಾಹನಗಳು ದೂರದಲ್ಲೇ ನಿಲ್ಲಲಿ, ಅಲ್ಲಿಂದ ಮುಂದೆ ಸಾರ್ವಜನಿಕ ಕಾಲುದಾರಿ ಇರಲಿ. ಕಡಲಿನ ಜೀವಿಗಳಿಗೂ, ಅಲ್ಲಿನ ಊರುಗಳಿಗೂ, ಬಯಲುಸೀಮೆಯಿಂದ ಹೋಗುವ ನಮ್ಮಂಥವರಿಗೂ ಒಳ್ಳೆಯದಾಗುವ ದಾರಿ ಇದೊಂದೇ ಎಂಬುದು ನನ್ನ ವಾದ.

ಇಂಥ ದಾರಿಯೊಂದು ಆಗಲೇ ಇದೆ. ಕುಮಟಾದಿಂದ ಗೋಕರ್ಣದವರೆಗೆ ತೀರದಗುಂಟ ನಡೆದು ಹೋಗುವವರು ವರ್ಷವರ್ಷವೂ ಹೆಚ್ಚುತ್ತಿದ್ದಾರೆ. ವನ್ನಳ್ಳಿ, ಕಡ್ಲೆ, ಬಾಡ ತೀರಗಳನ್ನು ಹಾದು ಅಘನಾಶಿನಿ ಊರು ತಲುಪಿದರೆ ಅಲ್ಲಿ ನದಿ ಕಡಲು ಸೇರುವ ಅಳಿವೆ ಅಡ್ಡ ಬರುತ್ತದೆ. ದೋಣಿಯಲ್ಲಿ ಆಚೆ ದಡದ ತದಡಿಗೆ ದಾಟಿ, ಗುಡ್ಡ ಹತ್ತಿ ಇಳಿದರೆ ಪ್ಯಾರಡೈಸ್ ಬೀಚು, ಮುಂದೆ ಹಾಫ್ ಮೂನ್, ಓಂ, ಕುಡ್ಲೆ, ಕೊನೆಗೆ ಗೋಕರ್ಣದ ದೊಡ್ಡ ತೀರ. ದಾರಿ ಒಂದೇ ಬಗೆಯದಲ್ಲ. ಒಂದಷ್ಟು ಹೊತ್ತು ಅಲೆ ಬಡಿದು ಗಟ್ಟಿಯಾದ ಒದ್ದೆ ಮರಳು, ಆಮೇಲೆ ಕರಿ ಬಂಡೆಗಳ ಸಾಲು, ಆಮೇಲೆ ಒಣ ಹುಲ್ಲು ಹಬ್ಬಿದ ಕೆಂಪು ಜಂಬಿಟ್ಟಿಗೆಯ ನೆತ್ತಿ. ಆ ನೆತ್ತಿಯ ಮೇಲೆ ನಿಂತರೆ ಬಿಳಿ ಹೊಟ್ಟೆಯ ಕಡಲ ಹದ್ದು ಕಣ್ಣಿನ ಮಟ್ಟದಲ್ಲೇ ಹಾರಿ ಹೋಗುವುದುಂಟು. ಗಮನಿಸಬೇಕಾದ ಸಂಗತಿ ಇದು: ಈ ಸಾಲಿನಲ್ಲಿ ಹಾಫ್ ಮೂನ್, ಪ್ಯಾರಡೈಸ್ ತೀರಗಳಿಗೆ ಹೋಗಲು ಕಾಲ್ನಡಿಗೆ ಇಲ್ಲವೇ ದೋಣಿಯೇ ಗತಿ. ವಾಹನ ಬರುವ ಓಂ ತೀರಕ್ಕೂ ಈ ಎರಡಕ್ಕೂ ನಡುವೆ ಗುಡ್ಡ ಹತ್ತಿಳಿಯುವಷ್ಟೇ ಅಂತರ. ಆದರೆ ರಜಾದಿನದ ಜನಸಂದಣಿಯಲ್ಲಿ, ಅಂಗಡಿಮುಂಗಟ್ಟುಗಳಲ್ಲಿ, ರಾತ್ರಿಯ ದೀಪಗಳಲ್ಲಿ ಅಜಗಜಾಂತರ. ಈ ಎರಡು ತೀರಗಳು ಇಷ್ಟಾದರೂ ಉಳಿದುಕೊಂಡಿರುವುದಕ್ಕೆ ಸರ್ಕಾರದ ಯಾವುದೇ ಯೋಜನೆಗಿಂತ ಹೆಚ್ಚಾಗಿ ರಸ್ತೆ ಇಲ್ಲದಿರುವುದೇ ಕಾರಣ.

ರಸ್ತೆ ಬಂದರೆ ಏನು ಹಾಳಾಗುತ್ತದೆ ಎಂಬುದನ್ನು ತಿಳಿಯಲು ಕಡಲಾಮೆಯ ಬಾಳು ನೋಡಬೇಕು. ಆಲಿವ್ ರಿಡ್ಲೆ ಜಾತಿಯ ಕಡಲಾಮೆಗಳು ಚಳಿಗಾಲದಿಂದ ಬೇಸಿಗೆಯ ಮೊದಲ ಭಾಗದವರೆಗೆ ಉತ್ತರ ಕನ್ನಡದ ಮರಳಿಗೆ ಮೊಟ್ಟೆಯಿಡಲು ಬರುತ್ತವೆ. ಹೊನ್ನಾವರ ಬಳಿಯ ಕಾಸರಕೋಡು ಟೊಂಕ, ಅಪ್ಸರಕೊಂಡದ ಸುತ್ತಿನ ತೀರಗಳು ಇದಕ್ಕೆ ಹೆಸರಾದವು. ರಾತ್ರಿ ಜನರ ಸುಳಿವಿಲ್ಲದ ಹೊತ್ತಿನಲ್ಲಿ ಹೆಣ್ಣಾಮೆ ನೀರಿನಿಂದ ಮೇಲೆ ಬಂದು, ಅಲೆ ಮುಟ್ಟದ ಒಣ ಮರಳನ್ನು ಹುಡುಕಿ, ಹಿಂಗಾಲಿನಿಂದ ಒಂದೂವರೆ ಅಡಿಯಷ್ಟು ಆಳದ ಗುಂಡಿ ತೋಡುತ್ತದೆ. ನೂರರ ಆಸುಪಾಸು ಮೊಟ್ಟೆಯಿಟ್ಟು, ಮರಳು ಮುಚ್ಚಿ, ತನ್ನ ಮೈಭಾರದಿಂದಲೇ ಅದನ್ನು ತಟ್ಟಿ ಗಟ್ಟಿ ಮಾಡಿ, ಹಿಂದಿರುಗಿ ನೋಡದೆ ನೀರಿಗೆ ಇಳಿಯುತ್ತದೆ. ಮುಂದಿನ 45ರಿಂದ 60 ದಿನ ಆ ಮೊಟ್ಟೆಗಳಿಗೆ ಮರಳೇ ತಾಯಿ. ಮರಿ ಗಂಡಾಗಬೇಕೋ ಹೆಣ್ಣಾಗಬೇಕೋ ಎಂಬುದನ್ನು ನಿರ್ಧರಿಸುವುದೂ ಆ ಮರಳಿನ ಬಿಸಿಯೇ. ಅದರ ಮೇಲೆ ಜೀಪಿನ ಚಕ್ರ ಹರಿದರೆ ಮರಳು ಗಟ್ಟಿಯಾಗಿ ಮರಿಗಳು ಮೇಲೆ ಬರಲಾರವು. ಬಂದರೂ ಗಾಲಿ ಕೊರೆದ ಸಾಲುಗಳು ಬೆರಳುದ್ದದ ಮರಿಗೆ ಹತ್ತಲಾಗದ ಕಂದಕಗಳು. ಎಲ್ಲಕ್ಕಿಂತ ಕೆಟ್ಟದ್ದು ದೀಪ. ಕಡಲಿನ ಮೇಲಿನ ಮಸುಕು ಬೆಳಕನ್ನು ನಂಬಿ ನೀರಿನತ್ತ ಹೋಗಬೇಕಾದ ಮರಿಗಳು ರೆಸಾರ್ಟಿನ ದೀಪ, ಹೈಮಾಸ್ಟ್ ದೀಪ ಕಂಡರೆ ಅತ್ತ ತೆವಳುತ್ತವೆ. ಬೆಳಗಾಗುವಷ್ಟರಲ್ಲಿ ನಾಯಿ, ಕಾಗೆ, ಬಿಸಿಲಿನ ಪಾಲಾಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಹುಲಿ, ಆನೆಯ ಸಾಲಿನಲ್ಲಿ, ಈ ಆಮೆಗೆ ಜಾಗವಿದೆ. ಹುಲಿಯ ಕಾಡಿನಲ್ಲಿ ರಾತ್ರಿ ಹೈಮಾಸ್ಟ್ ದೀಪ ಹಾಕುತ್ತೇವೆಂದರೆ ಯಾರೂ ಒಪ್ಪುವುದಿಲ್ಲ. ಆಮೆಯ ಮರಳಿನಲ್ಲಿ ಅದನ್ನೇ ಅಭಿವೃದ್ಧಿ ಎಂದು ಕರೆಯುತ್ತಿದ್ದೇವೆ.

ಆಮೆಯ ಮಾತು ಅತ್ತ ಇರಲಿ, ಮನುಷ್ಯರ ಪ್ರಾಣದ ಮಾತಿಗೆ ಬರೋಣ ಎನ್ನುವವರಿಗೂ ಉತ್ತರವಿದೆ. 2024ರ ಡಿಸೆಂಬರಿನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಸಮುದ್ರಪಾಲಾದರು. ಬಯಲುಸೀಮೆಯ ಪ್ರತಿ ಊರಿನ ತಂದೆತಾಯಿಯ ಎದೆ ನಡುಗಿಸಿದ ಸುದ್ದಿ ಅದು. ಕೋಲಾರದ ಮಕ್ಕಳಾಗಲಿ ರಾಯಚೂರಿನ ಮಕ್ಕಳಾಗಲಿ ಕಡಲನ್ನು ಮೊದಲ ಸಲ ಕಾಣುವುದು ಇಂಥ ಪ್ರವಾಸಗಳಲ್ಲೇ. ಕೆರೆ, ಬಾವಿ, ಕಾಲುವೆಯ ನೀರು ನಮಗೆ ಗೊತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಕಡಲಿನ ಸೆಳೆತ ಹಾಗಲ್ಲ. ದಡಕ್ಕೆ ಬಡಿದ ಅಲೆಗಳ ನೀರೆಲ್ಲ ಒಟ್ಟಾಗಿ ಎಲ್ಲೋ ಒಂದು ತಗ್ಗಿನಲ್ಲಿ ಹಿಂದಕ್ಕೆ ರಭಸದಿಂದ ಓಡುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ಹಾಗಾಗಿ ತಿಳಿಯದವರ ಕಣ್ಣಿಗೆ ಅದೇ ಶಾಂತವಾದ, ಸುರಕ್ಷಿತ ಜಾಗವೆಂದು ಕಾಣುತ್ತದೆ. ಅಲ್ಲಿ ಸಿಕ್ಕಿಬಿದ್ದವರು ದಡದತ್ತ ಈಜಲು ಹೋಗಿ ದಣಿದು ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕೆಂಬುದು ಮೀನುಗಾರರ ಮಕ್ಕಳಿಗೆ ಗೊತ್ತು, ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಟ್ಟಿಲ್ಲ. ಮುರುಡೇಶ್ವರದ ದುರಂತದ ನಂತರ ಕೆಲಕಾಲ ತೀರ ಮುಚ್ಚಿದರು, ಬಾವುಟ, ಜೀವರಕ್ಷಕರು, ಗಡಿರೇಖೆಗಳ ಮಾತು ಬಂತು. ಅವೆಲ್ಲ ಬೇಕು. ಆದರೆ ಮೂಲ ಪ್ರಶ್ನೆ ಹಾಗೇ ಉಳಿಯಿತು: ಕಡಲಿಗೆ ಹೋದವರಿಗೆ ನೀರಿಗಿಳಿಯುವುದನ್ನು ಬಿಟ್ಟು ಮಾಡಲು ಬೇರೇನನ್ನಾದರೂ ನಾವು ಕೊಟ್ಟಿದ್ದೇವೆಯೇ? ಬಸ್ಸು ನೀರಿನ ಅಂಚಿಗೆ ತಂದು ಬಿಟ್ಟರೆ ಹದಿನೈದರ ಹರೆಯದ ಮಕ್ಕಳು ನೀರಿಗೆ ಓಡದೆ ಇನ್ನೇನು ಮಾಡಿಯಾರು. ಎರಡು ಗಂಟೆ ಗುಡ್ಡದ ನೆತ್ತಿಯಲ್ಲಿ, ಬಂಡೆಗಳ ನಡುವೆ, ಊರಿನವರೊಬ್ಬರ ಜೊತೆ ನಡೆದು ಬರುವ ದಾರಿ ಇದ್ದರೆ ಅದೇ ಮಕ್ಕಳು ಏಡಿಯ ಬಿಲ, ಬಂಡೆಗೆ ಅಂಟಿದ ಚಿಪ್ಪಿ, ಇಳಿತದಲ್ಲಿ ಬಂಡೆಗುಳಿಯೊಳಗೆ ಉಳಿದ ಪುಟ್ಟ ಮೀನು ನೋಡಿಕೊಂಡು ಬರುತ್ತಾರೆ.

ಅಘನಾಶಿನಿಯ ಅಳಿವೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಸಿಂಧನೂರಿನ ಭತ್ತದ ರೈತರೊಬ್ಬರು ಕಡಲತೀರಕ್ಕೆ ಹೋಗಿ ನೋಡಲೇಬೇಕಾದ ಜಾಗವೊಂದಿದ್ದರೆ ಅದು ಇದು. ಸಿರ್ಸಿಯ ಬಳಿ ಹುಟ್ಟಿ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಹಾಗಾಗಿ ಮಳೆಗಾಲದ ಸಿಹಿನೀರು, ಬೇಸಿಗೆಯ ಉಪ್ಪುನೀರು ಎರಡೂ ತಮ್ಮ ತಮ್ಮ ಕಾಲಕ್ಕೆ ಅಳಿವೆಯನ್ನು ಆಳುತ್ತವೆ. ಉಪ್ಪುನೀರು ನುಗ್ಗುವ ಇಲ್ಲಿನ ಗಜನಿ ಭೂಮಿಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಮುಂಗಾರಿನ ಮಳೆ ಮತ್ತು ನದಿಯ ನೆರೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಚೆಲ್ಲುತ್ತಾರೆ. ಗೊಬ್ಬರ ಇಲ್ಲ, ಔಷಧಿ ಇಲ್ಲ. ಪೈರು ಆಳೆತ್ತರ ಬೆಳೆದು, ನೆರೆಯಲ್ಲಿ ಮುಳುಗಿ ನಿಂತರೂ ಕೊಳೆಯುವುದಿಲ್ಲ, ನೀರಿನಲ್ಲಿ ಉಪ್ಪಿನಂಶ ಏರಿದರೂ ಸಾಯುವುದಿಲ್ಲ. ಕೊಯ್ಲಾದ ಮೇಲೆ ಒಡ್ಡಿನ ಬಾಗಿಲು ತೆರೆದು ಕಡಲ ನೀರನ್ನು ಗದ್ದೆಗೆ ಬಿಡುತ್ತಾರೆ, ಅದರೊಂದಿಗೆ ಸಿಗಡಿ, ಮೀನು ಬರುತ್ತವೆ. ಉಳಿದ ಕೂಳೆ ಅವುಗಳಿಗೆ ಮೇವು, ಅವುಗಳ ಹೊಲಸು ಮುಂದಿನ ಬೆಳೆಗೆ ಗೊಬ್ಬರ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕಾಲುವೆ ಬಂದ ಮೇಲೆ ಜೌಗು ಹಿಡಿದು ಸವಳಾದ ಹೊಲಗಳನ್ನು ನೋಡಿ ನಿಟ್ಟುಸಿರು ಬಿಡುವ ನಮ್ಮ ರೈತರಿಗೆ, ಉಪ್ಪಿನ ಜೊತೆ ಹೊಂದಿಕೊಂಡು ಬಾಳುವ ಈ ಬೇಸಾಯ ಕಣ್ಣಾರೆ ಕಾಣಬೇಕಾದದ್ದು. ಗಂಗಾವತಿಯ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಮೇಲೆ ದಶಕಗಳಿಂದ ಕೆಲಸ ನಡೆದಿದೆ. ಅದೇ ಸಮಸ್ಯೆಯನ್ನು ಕರಾವಳಿಯ ಹಾಲಕ್ಕಿ, ನಾಮಧಾರಿ, ಪಟಗಾರ ಕುಟುಂಬಗಳು ಬೀಜ ಉಳಿಸಿಕೊಂಡು ಎದುರಿಸಿದ ಬಗೆಯೂ ನಮಗೆ ಪಾಠವೇ. ಗಜನಿಯ ಒಡ್ಡಿನ ಮೇಲೆ ನಡೆದರಷ್ಟೇ ಇದು ಕಾಣುತ್ತದೆ. ಹೆದ್ದಾರಿಯಲ್ಲಿ ಹೋಗುವ ಬಸ್ಸಿನ ಕಿಟಕಿಗೆ ಅದು ಬರೀ ನೀರು ನಿಂತ ಬಯಲು.

ಅಳಿವೆಯಲ್ಲಿ ಇನ್ನೂ ಬಹಳವಿದೆ. ಇಳಿತದ ಹೊತ್ತಿಗೆ ಹೆಂಗಸರು ಮೊಣಕಾಲುದ್ದದ ನೀರಿನಲ್ಲಿ ಬಾಗಿ ಬಳಚು, ಚಿಪ್ಪಿಕಲ್ಲು ಆಯುತ್ತಾರೆ. ಸಾವಿರಾರು ಮನೆಗಳ ಒಲೆ ಇದರಿಂದ ಉರಿಯುತ್ತದೆ. ಕೆಸರಿನಿಂದ ಬೇರುಗಳನ್ನು ಮೇಲೆತ್ತಿ ನಿಂತ ಕಾಂಡ್ಲಾ ಗಿಡಗಳ ನಡುವೆ ಮೀನಿನ ಮರಿಗಳು ಬೆಳೆಯುತ್ತವೆ, ನೀರುನಾಯಿಗಳು ಓಡಾಡುತ್ತವೆ. ಪಕ್ಕದ ಸಾಣಿಕಟ್ಟಾದಲ್ಲಿ ಇಂದಿಗೂ ಪಾತಿ ಕಟ್ಟಿ ಬಿಸಿಲಿಗೆ ಉಪ್ಪು ಬೆಳೆಯುತ್ತಾರೆ. ಉಷ್ಣ ವಿದ್ಯುತ್ ಸ್ಥಾವರ, ದೊಡ್ಡ ಬಂದರು ಎಂದು ಒಂದರ ಹಿಂದೊಂದು ಯೋಜನೆ ತದಡಿಯ ಮೇಲೆ ಕಣ್ಣಿಟ್ಟಾಗ ಊರಿನವರೂ ವಿಜ್ಞಾನಿಗಳೂ ಸೇರಿ ತಡೆದು ನಿಲ್ಲಿಸಿದ್ದರಿಂದ ಇದು ಉಳಿದಿದೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಮಾನ್ಯತೆ ಸಿಕ್ಕಿತು, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಅದು ಸೇರಿತು. ಅದೇ ದಿನ ಅದೇ ಪಟ್ಟಿಗೆ ಸೇರಿದ ಕರ್ನಾಟಕದ ಇನ್ನೆರಡು ಜಾಗಗಳು ನಮ್ಮ ಕಡೆಯವೇ: ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಮಾಗಡಿ ಕೆರೆಗೆ ಬರುವ ತಿಂಗಳುಗಳೂ, ಕಡಲಾಮೆ ಮರಳಿಗೆ ಬರುವ ತಿಂಗಳುಗಳೂ, ನಮ್ಮ ಶಾಲೆಗಳ ಪ್ರವಾಸದ ತಿಂಗಳುಗಳೂ ಹೆಚ್ಚುಕಡಿಮೆ ಒಂದೇ.

ಈಗ ರಸ್ತೆಯ ಮಾತು. ರಸ್ತೆ ಬಂದಷ್ಟೂ ಕರಾವಳಿ ಬೆಳೆಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಆ ನಂಬಿಕೆಗೆ 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ದೊಡ್ಡ ಪೆಟ್ಟು ಬಿತ್ತು. ರಾಷ್ಟ್ರೀಯ ಹೆದ್ದಾರಿ 66ರ ಮಗ್ಗುಲಿನ ಗುಡ್ಡ ಕುಸಿದು ಚಹಾದಂಗಡಿಯನ್ನೂ ಅಲ್ಲಿದ್ದ ಜನರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಹೆದ್ದಾರಿ ಅಗಲ ಮಾಡಲು ಗುಡ್ಡದ ಬುಡವನ್ನು ಕಡಿದಾಗಿ ಕೊರೆದದ್ದರತ್ತ ಅನೇಕರು ಬೊಟ್ಟು ಮಾಡಿದರು. ಕರಾವಳಿಯ ಗುಡ್ಡಗಳು ಮಳೆನೀರು ಹೀರಿ ನಿಂತ ಜಂಬಿಟ್ಟಿಗೆ ಮತ್ತು ಮೆತು ಮಣ್ಣಿನವು, ಕಡಿದಾಗಿ ಕೊರೆದರೆ ನಿಲ್ಲುವುದಿಲ್ಲ. ಹೆದ್ದಾರಿ ಬೇಡವೆನ್ನುವುದು ನನ್ನ ಮಾತಲ್ಲ. ಅದರಲ್ಲೇ ನಾವೂ ಓಡಾಡುತ್ತೇವೆ. ಆದರೆ ಹೆದ್ದಾರಿಯಿಂದ ಪ್ರತಿ ತೀರಕ್ಕೂ ಗುಡ್ಡ ಸೀಳಿ ರಸ್ತೆ ಇಳಿಸುವ ಉಮೇದು ಬೇಡ. ಮರಳಿನಂಚಿನ ರಸ್ತೆಗೆ ಇನ್ನೊಂದು ಕೇಡೂ ಇದೆ. ಮಳೆಗಾಲದಲ್ಲಿ ಕಡಲು ಮರಳನ್ನು ಒಯ್ಯುತ್ತದೆ, ಮಳೆ ನಿಂತ ಮೇಲೆ ಮೆಲ್ಲಗೆ ಹಿಂದಕ್ಕೆ ತಂದು ಹಾಕುತ್ತದೆ. ಈ ಕೊಡುಕೊಳ್ಳುವಿಕೆಗೆ ಜಾಗ ಬಿಟ್ಟರೆ ತೀರ ತಾನಾಗಿ ಉಳಿಯುತ್ತದೆ. ಅಂಚಿಗೆ ರಸ್ತೆ, ಕಟ್ಟಡ ಬಂದೊಡನೆ ಅವುಗಳನ್ನು ಉಳಿಸಲು ಕಲ್ಲಿನ ತಡೆಗೋಡೆ ಬೇಕಾಗುತ್ತದೆ, ಅಲೆ ಗೋಡೆಗೆ ಬಡಿದು ಬುಡದ ಮರಳನ್ನೇ ಕೆರೆದೊಯ್ಯುತ್ತದೆ, ಪಕ್ಕದ ಊರಿನ ದಡ ಕುಸಿಯುತ್ತದೆ, ಅಲ್ಲಿಗೂ ಗೋಡೆ ಬೇಕಾಗುತ್ತದೆ. ಉಳ್ಳಾಲದಲ್ಲಿ ವರ್ಷಗಟ್ಟಲೆ ಲಾರಿಗಟ್ಟಲೆ ಬಂಡೆ ಸುರಿದದ್ದನ್ನು ರಾಜ್ಯ ಕಂಡಿದೆ. ಕಾಲುದಾರಿಗೆ ಈ ಯಾವ ಕಾಟವೂ ಇಲ್ಲ. ಈ ವರ್ಷ ದಡ ಹತ್ತು ಅಡಿ ಒಳಗೆ ಸರಿದರೆ ದಾರಿಯೂ ಹತ್ತು ಅಡಿ ಸರಿಯುತ್ತದೆ.

ಕಾನೂನು ಇದೆಯಲ್ಲ, ಕರಾವಳಿ ನಿಯಂತ್ರಣ ವಲಯವಿದೆಯಲ್ಲ ಎಂದು ಕೇಳಬಹುದು. 1991ರಲ್ಲಿ ಬಂದ ಆ ಅಧಿಸೂಚನೆ 2011ರಲ್ಲಿ ಬದಲಾಯಿತು, 2019ರಲ್ಲಿ ಮತ್ತೆ ಬದಲಾಯಿತು. ಹೆಚ್ಚು ಜನಸಾಂದ್ರತೆಯ ಗ್ರಾಮೀಣ ತೀರಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಇದ್ದ ನಿರ್ಮಾಣ ನಿಷೇಧದ ಅಂತರ ಈಗ 50 ಮೀಟರಿಗೆ ಇಳಿದಿದೆ. ಆಮೆ ಮೊಟ್ಟೆಯಿಡುವ ಜಾಗ, ಕಾಂಡ್ಲಾ ವನ, ಮರಳ ದಿಬ್ಬಗಳಿಗೆ ಕಾಗದದ ಮೇಲೆ ಅತಿ ಹೆಚ್ಚಿನ ರಕ್ಷಣೆ ಉಳಿದಿದೆ ನಿಜ. ಆದರೆ ಯಾವ ಮರಳು ಆಮೆಯದು, ಯಾವುದು ಅಲ್ಲ ಎಂಬ ಜಗಳವೇ ವರ್ಷಗಟ್ಟಲೆ ನಡೆಯುತ್ತದೆ. ಹೊನ್ನಾವರದ ಅಪ್ಸರಕೊಂಡ ಮತ್ತು ಮುಗಳಿಯ ಕಡಲು ರಾಜ್ಯದ ಮೊದಲ ಕಡಲ ವನ್ಯಧಾಮ. ಅಲ್ಲಿಂದ ಕೂಗಳತೆಯ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಒಣಮೀನು ಹರವುವ ಮರಳು, ದೋಣಿ ಎಳೆದಿಡುವ ದಡ, ಆಮೆ ಬರುವ ತೀರ ಅಲ್ಲಿ ಒಂದೇ. ಇಂಥ ಜಾಗದಲ್ಲಿ ಜನ ಓಡಾಡುವ, ಎಲ್ಲರ ಕಣ್ಣಿಗೆ ಬೀಳುವ ಸಾರ್ವಜನಿಕ ಕಾಲುದಾರಿಯೊಂದು ದಾಖಲೆಯಲ್ಲಿ ಇದ್ದರೆ, ಇದು ಯಾರೂ ಬಳಸದ ಖಾಲಿ ಮರಳು ಎಂದು ಯಾವ ಯೋಜನಾ ವರದಿಯೂ ಬರೆಯಲಾರದು. ನಕಾಶೆಯಲ್ಲಿ ಗೆರೆಯಾಗಿ ದಾಖಲಾದ ನಡಿಗೆಯ ಹಕ್ಕು ತೀರಕ್ಕೆ ದೊಡ್ಡ ಕಾವಲು.

ದುಡಿಮೆಯ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ರಸ್ತೆ ಇಲ್ಲದಿದ್ದರೆ ಪ್ರವಾಸಿಗರು ಬರುವುದಿಲ್ಲ, ಬರದಿದ್ದರೆ ಊರಿನ ಹುಡುಗರು ಮಂಗಳೂರು, ಗೋವಾ ಬಸ್ಸು ಹತ್ತುತ್ತಾರೆ ಎಂಬ ಆಕ್ಷೇಪ ಪ್ರಾಮಾಣಿಕವಾದದ್ದು. ಕೆಲಸ ಅರಸಿ ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳನ್ನು ಕಂಡ ರಾಯಚೂರು ಜಿಲ್ಲೆಯವರಿಗೆ ಇದರ ನೋವು ಹೇಳಿಕೊಡಬೇಕಾಗಿಲ್ಲ. ಆದರೆ ತೀರದ ದುಡ್ಡು ಯಾರ ಕೈ ಸೇರುತ್ತದೆ ಎಂದು ನೋಡಬೇಕು. ರೆಸಾರ್ಟು ಬಂದ ಊರಿನಲ್ಲಿ ಜಮೀನು ಮಾರಿದವರ ಮಕ್ಕಳು ಅದೇ ಜಮೀನಿನಲ್ಲಿ ಕಸ ಗುಡಿಸುವ, ಗೇಟು ಕಾಯುವ ಕೆಲಸಕ್ಕೆ ನಿಲ್ಲುವುದೇ ಹೆಚ್ಚು. ಬೇರೆ ದಾರಿಯೂ ಇದೆ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯಲ್ಲಿ ವೇಳಾಸ್ ಎಂಬ ಪುಟ್ಟ ಊರಿದೆ. ಒಂದು ಕಾಲಕ್ಕೆ ಅಲ್ಲಿ ಆಮೆ ಮೊಟ್ಟೆಗಳನ್ನು ತೆಗೆದು ತಿನ್ನುತ್ತಿದ್ದರು. ಎರಡು ದಶಕಗಳ ಹಿಂದೆ ಸಹ್ಯಾದ್ರಿ ನಿಸರ್ಗ ಮಿತ್ರ ಎಂಬ ಸಂಸ್ಥೆ ಊರಿನವರ ಜೊತೆ ಸೇರಿ ಗೂಡು ಕಾಯಲು ತೊಡಗಿತು. ಈಗ ಪ್ರತಿ ವರ್ಷ ಮರಿಗಳು ಕಡಲು ಸೇರುವ ಕಾಲಕ್ಕೆ ಅಲ್ಲಿ ಆಮೆ ಹಬ್ಬ ನಡೆಯುತ್ತದೆ. ಬಂದವರು ಊರಿನ ಮನೆಗಳಲ್ಲೇ ಉಳಿಯುತ್ತಾರೆ, ಮನೆಯವರು ಮಾಡಿ ಬಡಿಸಿದ್ದನ್ನು ಉಣ್ಣುತ್ತಾರೆ, ಬೆಳಗ್ಗೆ ಮತ್ತು ಸಂಜೆ ತೀರಕ್ಕೆ ನಡೆದು ಹೋಗಿ ಹಗ್ಗದ ಆಚೆ ನಿಂತು ಮರಿಗಳನ್ನು ನೋಡುತ್ತಾರೆ. ನಡೆದು ಬರುವವರು ನಿಧಾನಕ್ಕೆ ಸಾಗುತ್ತಾರೆ, ಹಸಿದಿರುತ್ತಾರೆ, ರಾತ್ರಿ ಉಳಿಯುತ್ತಾರೆ. ಕಾರಿನಲ್ಲಿ ಬಂದವರು ನೀರಿನ ಬಾಟಲಿಯನ್ನೂ ಊಟವನ್ನೂ ಹೊತ್ತು ತಂದು, ಖಾಲಿ ಬಾಟಲಿ ಬಿಟ್ಟು ಹೋಗುತ್ತಾರೆ. ಕುಮಟಾ, ಹೊನ್ನಾವರದ ಊರುಗಳಲ್ಲಿ ಊಟ ಕೊಡುವ ಮನೆ, ದಾರಿ ತೋರಿಸುವ ಯುವಕರು, ತಾರಿಯ ದೋಣಿ ನಡೆಸುವವರು ಪಂಚಾಯಿತಿಯ ಮೂಲಕ ನೋಂದಾಯಿಸಿಕೊಂಡು ದರ ಗೊತ್ತು ಮಾಡಿಕೊಂಡರೆ ದುಡ್ಡು ಊರಲ್ಲೇ ಉಳಿಯುತ್ತದೆ.

ಮುದುಕರು, ಅಂಗವಿಕಲರು, ಕೈಗೂಸು ಎತ್ತಿಕೊಂಡ ತಾಯಂದಿರು ಏನು ಮಾಡಬೇಕು ಎಂಬುದು ಇನ್ನೂ ತೂಕದ ಪ್ರಶ್ನೆ. ಜೀವಮಾನದಲ್ಲಿ ಒಮ್ಮೆ ಸಮುದ್ರ ನೋಡಬೇಕೆಂದು ಜವಳಗೇರಾದಿಂದ ಹೊರಟ ಎಪ್ಪತ್ತರ ಅಜ್ಜಿಗೆ ಗುಡ್ಡ ಹತ್ತಿ ಎನ್ನಲು ಯಾರಿಗೂ ಹಕ್ಕಿಲ್ಲ. ಹೇಳಬೇಕಾದದ್ದು ಇಷ್ಟು: ಸುಮಾರು 320 ಕಿಲೋಮೀಟರ್ ಉದ್ದದ ನಮ್ಮ ಕರಾವಳಿಯಲ್ಲಿ ವಾಹನ ಹೋಗುವ ತೀರಗಳು ಈಗಾಗಲೇ ಸಾಕಷ್ಟಿವೆ. ಕಾರವಾರದ ಟ್ಯಾಗೋರ್ ತೀರ, ಮುರುಡೇಶ್ವರ, ಮಲ್ಪೆ, ಪಣಂಬೂರು ಇವೆ. ಅವುಗಳನ್ನು ಚೆನ್ನಾಗಿ ಇಟ್ಟುಕೊಳ್ಳೋಣ. 2020ರ ಅಕ್ಟೋಬರಿನಲ್ಲಿ ಕಾಸರಕೋಡು ಮತ್ತು ಪಡುಬಿದ್ರಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು, ನೀರಿನ ಶುದ್ಧತೆಯ ಪರೀಕ್ಷೆ, ಗಾಲಿಕುರ್ಚಿಗೆ ಹಾದಿ ಎಲ್ಲ ಅದರ ಷರತ್ತುಗಳೊಳಗೆ ಬರುತ್ತವೆ. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ಕಾಡಿನೊಳಗೆ ಕಟ್ಟಿದ ಮರದ ನಡಿಗೆ ಹಾದಿ ಇನ್ನೂ ಒಳ್ಳೆಯ ಮಾದರಿ. ಹೆದ್ದಾರಿಯ ಹತ್ತಿರವೇ ಇದೆ, ನೆಲ ಸಮತಟ್ಟಾಗಿದೆ, ಮಕ್ಕಳೂ ಮುದುಕರೂ ಕೈಕೈ ಹಿಡಿದು ನಡೆಯಬಹುದು, ಕಾಲ ಕೆಳಗೆ ಕೆಸರಿನಲ್ಲಿ ಏಡಿಗಳು ಓಡಾಡುವುದು ಕಾಣುತ್ತದೆ. ಇಂಥ ಮರದ ಹಾದಿಗಳು ಇನ್ನೂ ನಾಲ್ಕು ಕಡೆ ಆಗಲಿ. ಎಲ್ಲರಿಗೂ ಎಟುಕುವ ತೀರಗಳು ಬೇಕು ಎಂಬುದಕ್ಕೂ, ಎಲ್ಲ ತೀರಗಳಿಗೂ ಬಸ್ಸು ಹೋಗಬೇಕು ಎಂಬುದಕ್ಕೂ ವ್ಯತ್ಯಾಸವಿದೆ.

ನಡೆಯುವವರೇನು ಸಾಧುಗಳೇ, ಅವರೂ ಗುಂಪುಗುಂಪಾಗಿ ಬಂದು ಕಸ ಹಾಕುವುದಿಲ್ಲವೇ ಎಂದರೆ, ಹಾಕುತ್ತಾರೆ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಸಾವಿರಾರು ಚಾರಣಿಗರು ನುಗ್ಗಿದ ಚಿತ್ರಗಳನ್ನು ನಾಡೇ ನೋಡಿತು. ಸರ್ಕಾರ ಚಾರಣ ನಿಲ್ಲಿಸಿತು, ಆಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಜಾರಿಗೆ ತಂದು ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ಹಾಕಿತು. ಕಡಲತೀರದ ಕಾಲುದಾರಿಗೂ ಇದೇ ಶಿಸ್ತು ಬೇಕು, ಆಮೆಯ ಕಾಲದಲ್ಲಿ ಸಂಜೆಯಾದ ಮೇಲೆ ನಡಿಗೆ ಬಂದ್ ಆಗಬೇಕು, ಮರಳಿನ ಮೇಲೆ ಡೇರೆ ಹಾಕಿ ಬೆಂಕಿ ಹಚ್ಚುವುದು ಪೂರ್ತಿ ನಿಲ್ಲಬೇಕು. ಕಾಲುದಾರಿಯಲ್ಲಿ ಇಂಥ ಮಿತಿ ಹಾಕುವುದು ಸುಲಭ. ಒಮ್ಮೆ ಡಾಂಬರು ಹಾಕಿದ ಮೇಲೆ ಅದರ ಮೇಲೆ ಬರುವವರ ಲೆಕ್ಕ ಯಾರ ಕೈಗೂ ಸಿಗುವುದಿಲ್ಲ. ಇದು ಆಗದ ಹೋಗದ ಕನಸೂ ಅಲ್ಲ. ಬ್ರಿಟನ್ನಿನ ವೇಲ್ಸ್ ಸೀಮೆ 2012ರಲ್ಲಿ ತನ್ನ ಇಡೀ ಕರಾವಳಿಗುಂಟ ಸುಮಾರು 1,400 ಕಿಲೋಮೀಟರ್ ಕಾಲುದಾರಿ ತೆರೆಯಿತು. ಇಂಗ್ಲೆಂಡ್ 2009ರಲ್ಲಿ ಕಾನೂನನ್ನೇ ಮಾಡಿ ಕಡಲಂಚಿನಲ್ಲಿ ನಡೆಯುವುದನ್ನು ಜನರ ಹಕ್ಕಾಗಿಸಿತು. ಅಲ್ಲಿನ ದುಡ್ಡು ನಮ್ಮಲ್ಲಿಲ್ಲ ಎನ್ನಬಹುದು. ಕುಮಟಾದಿಂದ ಗೋಕರ್ಣದವರೆಗಿನ ದಾರಿಗೆ ಬೇಕಾದದ್ದು ದಿಕ್ಕು ತೋರಿಸುವ ಕಲ್ಲುಗಳು, ಕಡಿದಾದ ಕಡೆ ಮೆಟ್ಟಿಲು, ಊರೂರಲ್ಲಿ ಹೆಂಗಸರಿಗೆ ಶೌಚಾಲಯ, ಕುಡಿಯುವ ನೀರು, ಉಬ್ಬರ ಇಳಿತದ ವೇಳೆ ಬರೆದ ಫಲಕ, ಕಾಯಂ ಆಗಿ ನಡೆಯುವ ತಾರಿ. ಒಂದೆರಡು ಕಿಲೋಮೀಟರ್ ಘಟ್ಟದ ರಸ್ತೆಗೆ ತಗಲುವ ದುಡ್ಡಿನ ಮುಂದೆ ಇದು ದೊಡ್ಡದಲ್ಲ.

ನಮಗೆ ಸಮಯವೆಲ್ಲಿದೆ, ರಾತ್ರಿ ಹೊರಟು ಮರುರಾತ್ರಿ ವಾಪಸು ಬರಬೇಕು ಎಂಬುದು ಬಯಲುಸೀಮೆಯವರ ಮಾತು. ಮೂರು ದಿನದಲ್ಲಿ ಏಳು ಊರು ತೋರಿಸುವ ಪ್ರವಾಸದ ಪಟ್ಟಿಯೇ ಇಲ್ಲಿ ತಪ್ಪು. ಎರಡು ಊರು ತೋರಿಸಿದರೂ ಸಾಕು, ಒಂದು ರಾತ್ರಿ ಒಂದೇ ಕಡೆ ಉಳಿಯಲಿ. ನಡಿಗೆಯ ಅಭ್ಯಾಸಕ್ಕೆ ನಮ್ಮ ಮಕ್ಕಳು ಗೋಕರ್ಣದವರೆಗೂ ಕಾಯಬೇಕಿಲ್ಲ. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಸಾರಿತು. ಸಿಂಧನೂರಿನಿಂದ ಒಂದೆರಡು ಗಂಟೆಯ ದಾರಿ ಅದು. ನದಿ ದಂಡೆಯ ಬಂಡೆಗಳ ಮೇಲೆ ಬೆಳಗಿನ ಹೊತ್ತು ಸದ್ದಿಲ್ಲದೆ ಕುಳಿತು ನೀರುನಾಯಿಗೆ ಕಾಯುವುದನ್ನು ಕಲಿತ ಮಗು ಕಡಲತೀರಕ್ಕೆ ಹೋದಾಗ ಮರಳಿನ ಮೇಲಿನ ಗುರುತುಗಳನ್ನೂ ಓದಬಲ್ಲದು. ಅರಣ್ಯ ಇಲಾಖೆಯ ಚಿಣ್ಣರ ವನ ದರ್ಶನ ಕಾರ್ಯಕ್ರಮ ಶಾಲಾ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ಅದನ್ನು ರಾಯಚೂರು ಜಿಲ್ಲೆಯ ಸರ್ಕಾರಿ ಶಾಲೆಗಳಿಗಾಗಿ ಅಘನಾಶಿನಿ ಮತ್ತು ಅಪ್ಸರಕೊಂಡದ ತೀರಗಳವರೆಗೆ ವಿಸ್ತರಿಸುವುದು ಕಷ್ಟದ ಕೆಲಸವಲ್ಲ. ಶಾಲಾ ಶಿಕ್ಷಣ ಇಲಾಖೆಯೂ ಪ್ರವಾಸಕ್ಕೆ ಅನುಮತಿ ಕೊಡುವಾಗ ಒಂದು ಷರತ್ತು ಹಾಕಬಹುದು: ಕಡಲತೀರಕ್ಕೆ ಹೋಗುವ ಪ್ರತಿ ತಂಡದ ಜೊತೆ ಆ ಊರಿನ ನೋಂದಾಯಿತ ಮಾರ್ಗದರ್ಶಕರೊಬ್ಬರು ಇರಬೇಕು, ನೀರಿಗಿಳಿಯುವ ಜಾಗ ಮತ್ತು ಹೊತ್ತನ್ನು ಅವರೇ ಹೇಳಬೇಕು, ಅವರ ದಿನಗೂಲಿಯನ್ನು ಪ್ರವಾಸದ ಖರ್ಚಿನಲ್ಲೇ ಸೇರಿಸಬೇಕು. ಬರುವ ಡಿಸೆಂಬರಿನ ಪ್ರವಾಸಗಳಿಗೆ ಮುಖ್ಯೋಪಾಧ್ಯಾಯರು ಅರ್ಜಿ ಹಾಕುವ ಮೊದಲೇ ಈ ಸುತ್ತೋಲೆ ಹೊರಬರಬೇಕು.